ಜಗಳ ಕೇಳುವ ಮಿಸ್ಸು

ನಮ್ಮ ಸರ್ವಮಂಗಳಾ ಮಿಸ್ಸು ಯಾರ ಜಗಳ ಕೇಳುವಾಗಲೂ ಬಾಯಿಗೆ ಎರಡು ಬೆರಳು ಅಡ್ಡ ಇಟ್ಟುಕೊಳ್ಳುತ್ತಿದ್ದರು. ನಡುವೆ ಬಾಯಿ ಹಾಕುವ ಚಾಳಿ ತಮಗೂ ಇದೆಯೆಂದು ಹೇಳಿ ನಗುತ್ತಿದ್ದರು. ತೊಂಬತ್ತರ ದಶಕದಲ್ಲಿ ಲಷ್ಕರ್ ಮೊಹಲ್ಲಾದ ನಮ್ಮ ಹೈಸ್ಕೂಲಿನಲ್ಲಿ ಉಳಿದ ಮೇಷ್ಟರು ಜಗಳಕ್ಕೆ ಬೆತ್ತ ತೆಗೆದರೆ, ಇವರು ಇಂಗ್ಲಿಷ್ ಪಾಠದ ಟೇಪ್‌ರೆಕಾರ್ಡರ್ ತೆಗೆಯುತ್ತಿದ್ದರು.

ನಾವಿಬ್ಬರೂ ಸೇರಿ ಮಾಡಿದ ವಿಜ್ಞಾನದ ಚಾರ್ಟಿನ ಮೇಲೆ ಗಿರಿಜಾ ತನ್ನೊಬ್ಬಳ ಹೆಸರನ್ನೇ ಬರೆದುಕೊಂಡಳೆಂದು ನಾನು ಅವಳ ಜಡೆ ಹಿಡಿದೆಳೆದಿದ್ದೆ. ಮಿಸ್ಸು ನಮ್ಮನ್ನು ಒಬ್ಬೊಬ್ಬರಾಗಿ ಲ್ಯಾಬಿನಲ್ಲಿ ಕೂರಿಸಿ ಮಾತು ರೆಕಾರ್ಡ್ ಮಾಡಿಸಿದರು. ಆಮೇಲೆ ಅವಳ ಕ್ಯಾಸೆಟ್ ನನಗೆ, ನನ್ನದು ಅವಳಿಗೆ. ಕೇಳಿದ್ದನ್ನು ಇಡೀ ಕ್ಲಾಸಿನ ಮುಂದೆ ಎದುರಾಳಿಯ ಪರವಾಗಿ ಹೇಳಬೇಕು, ತೀರ್ಮಾನ ಕ್ಲಾಸಿನದು. "ಬಣ್ಣ ಎಲ್ಲಾ ನಾನೇ ತುಂಬಿದ್ದೆ, ಅಪ್ಪಂಗೆ ತೋರಿಸ್ಬೇಕು ಅಂತಿದ್ದೆ" ಎಂದು ನನ್ನ ಮಾತನ್ನು ಹೇಳುತ್ತಾ ಗಿರಿಜಾಳೇ ಅತ್ತುಬಿಟ್ಟಳು. ಅವಳು ಚಾರ್ಟಿಗೆ ನನ್ನ ಹೆಸರು ಸೇರಿಸಬೇಕು, ನಾನು ಅವಳಿಗೆ ಜಡೆ ಹೆಣೆಯಬೇಕು ಎಂದು ಕ್ಲಾಸು ತೀರ್ಮಾನಿಸಿತು.

ನಾನು ಅದೇ ಶಾಲೆಗೆ ಟೀಚರಾಗಿ ಸೇರುವ ಹೊತ್ತಿಗೆ ಮಿಸ್ಸಿನ ಮಗಳು ಶೀಲಾ ಬೇರೆ ಜಾತಿಯ ಹುಡುಗನನ್ನು ಮದುವೆಯಾಗಿ ಸಿದ್ಧಾರ್ಥನಗರದಲ್ಲಿ ಮನೆ ಮಾಡಿದ್ದಳು. ಮಿಸ್ಸಿನ ಯಜಮಾನರು ಅವಳ ಹೆಸರೆತ್ತಲೂ ಬಿಡುತ್ತಿರಲಿಲ್ಲ. ಮಿಸ್ಸು ಅಲ್ಲಿಗೆ ಹೋಗುವಂತಿರಲಿಲ್ಲ. ತಾಯಿ ಮಗಳ ಭೇಟಿಯೆಲ್ಲ ಶಾಲೆಯಲ್ಲೇ. ಒಂದು ಸಂಜೆ ಶೀಲಾ ಲ್ಯಾಬಿನಲ್ಲಿ ಕೂತು ಅಪ್ಪನಿಗೆ ಹೇಳಬೇಕಾದ್ದನ್ನು ರೆಕಾರ್ಡ್ ಮಾಡಿದಳು. ಮಿಸ್ಸು ಅದನ್ನು ಶ್ರೀರಾಂಪುರದ ತಮ್ಮ ಮನೆಗೆ ಒಯ್ದು ಹಾಕಿದರೆ, "ಅಪ್ಪಾ" ಎಂಬ ಮೊದಲ ಮಾತಿಗೇ ಯಜಮಾನರು ಎದ್ದು ಹೋದರಂತೆ.

"ಇನ್ನೊಂದ್ಸಲ ಹಾಕಿ ಮಿಸ್, ಜೋರಾಗಿ," ಎಂದೆ.

"ಬೇಡ ಕಣಮ್ಮ. ಬಲವಂತವಾಗಿ ಕೇಳಿಸ್ಬುಟ್ರೆ ಅದು ಶಿಕ್ಷೆ ಆಗೋಗುತ್ತೆ. ಅವರಾಗೇ ಕೇಳ್ಲಿ, ಕಾಯ್ತೀನಿ."

ಕಾಯುತ್ತಲೇ ಇದ್ದ ಮಿಸ್ಸು ಒಂದು ಬೆಳಿಗ್ಗೆ ಎದೆನೋವೆಂದವರು ಆಸ್ಪತ್ರೆ ತಲುಪುವ ಮೊದಲೇ ಹೋಗಿಬಿಟ್ಟರು. ನನಗೆ ಅವರ ಯಜಮಾನರ ಮೇಲೆ ಸಿಟ್ಟು ನೆತ್ತಿಗೇರಿತ್ತು. ಮಿಸ್ಸಿನ ಆ ಹಾಳು ತಾಳ್ಮೆಯ ಮೇಲೂ.

ಅಂದು ಶೀಲಾ ಬಂದವಳು ತವರಿನ ಗೇಟಿನ ಹೊರಗೇ ನಿಂತಳು. ಅಪ್ಪನೇ ಹೋಗಿ ಕೈ ಹಿಡಿದುಕೊಂಡರು. "ಒಳಗ್ ಬಾರಮ್ಮ. ಕ್ಯಾಸೆಟ್ ಈಗ್ಲೇ ಹಾಕ್ತೀನಿ, ಪೂರ್ತಿ ಕೇಳ್ತೀನಿ" ಎಂದು ಗೋಗರೆದರು.

ನಡುಮನೆಯಲ್ಲಿ ವಿಭೂತಿ ಹಚ್ಚಿ ಕೂರಿಸಿದ್ದ ತಾಯಿಯನ್ನು ಶೀಲಾ ಅಲ್ಲಿಂದಲೇ ನೋಡಿದಳು.

"ಅದ್ರಲ್ಲಿ ಜಾಸ್ತಿ ಏನೂ ಇಲ್ಲಪ್ಪ. ಅಮ್ಮನ್ನ ಒಂದಿನ ನಮ್ಮನೆಗೆ ಕಳಿಸ್ಕೊಡಿ ಅಂತ ಕೇಳಿದ್ದೆ, ಅಷ್ಟೇ."