ಹೆಲೆನ್ ಮೇಡಂ ಕ್ಲಾಸಿನಲ್ಲಿ ಅಳಗುಳಿ ಮಣೆ

ಮೊನ್ನೆ ಮೆಲ್ಬರ್ನಿನ ಹೊರವಲಯದ ಪಾಯಿಂಟ್ ಕುಕ್‌ನ ನಮ್ಮ ಮನೆಯಲ್ಲಿ ಸಾರಿಗೆ ಹುಣಸೆಹಣ್ಣು ಕಿವುಚುವಾಗ ಒಂದು ಹಿಡಿ ಬೀಜ ಸಿಕ್ಕಿತು. ಪ್ಯಾಕೆಟ್ಟಿನ ಮೇಲೆ ಬೀಜವಿಲ್ಲದ್ದು ಎಂದೇ ಬರೆದಿತ್ತು. ಬಿಸಾಡಲು ಮನಸ್ಸಾಗದೆ ತೊಳೆದು ಒಣಗಿಸಿಟ್ಟೆ. ಹುಣಸೆಬೀಜ ಕಂಡರೆ ನನಗೆ ಊರಿಗಿಂತ ಮೊದಲು ಸಿಡ್ನಿ ನೆನಪಾಗುತ್ತದೆ ಎಂದರೆ ನೀವು ನಗಬಹುದು.

ಎರಡು ಸಾವಿರದ ಆರಂಭದ ವರ್ಷಗಳು. ಕಂಪ್ಯೂಟರ್ ಓದಲು ಅಲ್ಲಿಗೆ ಹೋಗಿದ್ದ ನಾನು, ಅಂಕ ಸುಲಭ ಎಂದು ಯಾರೋ ಹೇಳಿದ್ದನ್ನು ನಂಬಿ ಪ್ರಾಚೀನ ಇತಿಹಾಸವನ್ನೂ ಐಚ್ಛಿಕವಾಗಿ ತೆಗೆದುಕೊಂಡೆ. ಪಾಠ ಪ್ರೊಫೆಸರ್ ಹೆಲೆನ್ ಅವರದು. ಉಳಿದವರಿಗೆ ಬರೀ ಹೆಲೆನ್. ನನ್ನ ಬಾಯಲ್ಲಿ ಕೊನೆಯವರೆಗೂ ಮೇಡಂ. ಮೆಲ್ಬರ್ನಿನ ಟ್ರ್ಯಾಮ್ ಚಾಲಕರೊಬ್ಬರ ಮಗಳು. ಗ್ರೀಕ್, ಲ್ಯಾಟಿನ್ ಕಲಿತು, ಇಂಗ್ಲೆಂಡಿನಲ್ಲಿ ಡಾಕ್ಟರೇಟ್ ಮಾಡಿ, ಬಿಡುವು ಸಿಕ್ಕಾಗಲೆಲ್ಲ ಟರ್ಕಿಯಲ್ಲಿ ಮಣ್ಣು ಅಗೆಯುತ್ತಿದ್ದವರು. ರಾಜರು, ಯುದ್ಧಗಳು ಅವರಿಗೆ ಬೇಡ. ಜನ ಏನು ಉಂಡರು, ಒಲೆ ಎಲ್ಲಿತ್ತು, ಮಕ್ಕಳು ಏನು ಆಡಿದರು, ಇದೇ ಅವರ ಪಾಠ. ರೋಮನ್ ಅಡುಗೆಮನೆಯ ಸಂಗತಿಯನ್ನು ಪಕ್ಕದ ಮನೆಯ ಸುದ್ದಿಯಂತೆ ದನಿ ತಗ್ಗಿಸಿ ಹೇಳುತ್ತಿದ್ದರು. ನಾನು ಮರುಳಾದೆ. ಆ ವರ್ಷ ಟರ್ಕಿಗೆ ನಮ್ಮ ತರಗತಿಯಿಂದ ಒಬ್ಬರನ್ನು ಕರೆದೊಯ್ಯುವವರಿದ್ದರು. ಅದು ನಾನೇ ಆಗಬೇಕೆಂದು ಎಷ್ಟು ಆಸೆಪಟ್ಟೆನೆಂದರೆ, ಕಂಪ್ಯೂಟರ್ ಬಿಡುತ್ತೇನೆಂದು ಮನಸ್ಸಿನಲ್ಲೇ ಅಪ್ಪನಿಗೆ ಹೇಳಿ, ಮನಸ್ಸಿನಲ್ಲೇ ಬೈಸಿಕೊಂಡೂ ಆಗಿತ್ತು.

ಒಂದು ದಿನ ಮೇಡಂ ಹಳೆಯ ಕಲ್ಲಿನ ಮೆಟ್ಟಿಲೊಂದರ ಚಿತ್ರ ತೋರಿಸಿದರು. ಅದರ ಮೇಲೆ ಎರಡು ಸಾಲು ಸಣ್ಣ ಕುಳಿಗಳು. "ಇವು ಕಾಳು ಕುಟ್ಟೋಕೆ ಮಾಡಿದ್ದು," ಎಂದರು. ಅಲ್ಲವೇ ಅಲ್ಲ! ಅದು ಥೇಟ್ ನಮ್ಮ ಅಳಗುಳಿ ಮಣೆ. ದುರ್ಗದ ಕೋಟೆಯ ಬಂಡೆಯ ಮೇಲೆ ಇಂಥವೇ ಕುಳಿಗಳಲ್ಲಿ ಹುಣಸೆಬೀಜ ಹಾಕಿ ಅಮ್ಮನೊಡನೆ ಆಡಿದ್ದೇನೆ. ಆದರೆ ಪಾಠ ಹೇಳುವವರಿಗೆ ಅಲ್ಲ ಎನ್ನುವುದು ಹೇಗೆ? ತುಟಿ ಹೊಲಿದುಕೊಂಡು ಕೂತೆ. ಹಿಂದಿನ ಸಾಲಿನ ಹುಡುಗಿ ಚ್ಯೂಯಿಂಗ್ ಗಮ್ ಅಗಿಯುತ್ತಲೇ, "ನಂಗೆ ಹಾಗನ್ನಿಸಲ್ಲ ಹೆಲೆನ್, ಯಾವುದೋ ಆಟ ಇರಬೇಕು," ಎಂದಳು. ಮೇಡಂ ಮುಖ ಅರಳಿತು. ಬೇಕೆಂದೇ ತಪ್ಪು ಹೇಳಿ ಕಾಯುತ್ತಿದ್ದರಂತೆ. ಟರ್ಕಿಗೆ ಹೋದವಳು ಅವಳೇ.

ಅಂದು ಕಾರಿಡಾರಿನಲ್ಲಿ ಮೇಡಂ ನನ್ನನ್ನು ನಿಲ್ಲಿಸಿದರು. "ನಿನ್ನ ಬೆರಳು ಡೆಸ್ಕಿನ ಮೇಲೆ ಆಡ್ತಾ ಇದ್ದಿದ್ದು ನೋಡಿದೆ. ಗೊತ್ತಿತ್ತಲ್ಲ, ಯಾಕೆ ಹೇಳಲಿಲ್ಲ?"

"ನೀವು ಟೀಚರ್ ಅಲ್ವಾ ಮೇಡಂ."

ಅವರು ನಗಲಿಲ್ಲ. "ನನ್ನ ಪ್ರೊಫೆಸರ್‌ಗೆ 'ನೀವು ಹೇಳಿದ್ದು ತಪ್ಪು' ಅಂದಿದ್ದಕ್ಕೇ ನಾನು ಇವತ್ತು ಇಲ್ಲಿದ್ದೀನಿ," ಎಂದು ಹೊರಟುಹೋದರು.

ಮುಂದೆ ಈ ದೇಶದಲ್ಲೇ ನೆಲೆಸಲು ಪಿಆರ್ ಸಿಕ್ಕಿತು, ಮೆಲ್ಬರ್ನಿನ ಡಾಕ್‌ಲ್ಯಾಂಡ್ಸ್‌ನಲ್ಲಿ ಕೆಲಸ ಸಿಕ್ಕಿತು. ಕೆಟ್ಟ ಬದುಕೇನಲ್ಲ. ಆದರೂ ಟ್ರ್ಯಾಮಿನಲ್ಲಿ ಆಫೀಸಿಗೆ ಹೋಗುವಾಗ ಒಮ್ಮೊಮ್ಮೆ ಆ ಮೆಟ್ಟಿಲು ನೆನಪಾಗಿ ತುಂಬ ಸಂಕಟವಾಗುತ್ತದೆ.

ಭಾನುವಾರ ಒಣಗಿದ ಬೀಜಗಳನ್ನೂ ಹನ್ನೆರಡು ಕುಳಿಯ ಖಾಲಿ ಮೊಟ್ಟೆ ಡಬ್ಬಿಯನ್ನೂ ಇಟ್ಟುಕೊಂಡು ಮಗಳಿಗೆ ಆಟ ಕಲಿಸಲು ಕೂತೆ. "ನೋಡು, ಸಾಲಿಗೆ ಆರು ಕುಳಿ," ಎಂದೆ.

"ನೋ ಅಪ್ಪ, ದಟ್ಸ್ ರಾಂಗ್. ಅಜ್ಜಿ ಮಣೇಲಿ ಸೆವೆನ್."

ಹೆಂಡತಿ ಒಲೆಯ ಬಳಿಯಿಂದಲೇ ಗದರಿದಳು. "ಏಯ್, ಅಪ್ಪಂಗೆ ಹಾಗೆಲ್ಲ ರಾಂಗ್ ಅಂತಾರಾ? ಸಾರಿ ಹೇಳು."

ಮಗಳು ತುಟಿ ಮುಚ್ಚಿದಳು. ಬೆರಳು ಮಾತ್ರ ಗಾಳಿಯಲ್ಲಿ ಎಣಿಸುತ್ತಲೇ ಇತ್ತು.

"ಸಾರಿ ಬೇಡ ಪುಟ್ಟಿ," ಎಂದೆ. "ಎಲ್ಲಿ, ತೋರಿಸು."

ಅವಳು ಎರಡು ಬಟ್ಟಲು ತಂದು ಸಾಲಿಗೊಂದರಂತೆ ಡಬ್ಬಿಯ ಪಕ್ಕಕ್ಕೆ ಇಟ್ಟಳು. ಹೌದು, ಏಳೇ. ಅಷ್ಟು ಚೆನ್ನಾಗಿ ಗೊತ್ತಿದ್ದದ್ದನ್ನೂ ನಾನು ಮರೆತಿದ್ದೆ. ಹೆಲೆನ್ ಮೇಡಂ ಈಗ ಎಲ್ಲಿದ್ದಾರೋ. ಇವಳನ್ನು ಒಮ್ಮೆ ಅವರ ಕ್ಲಾಸಿನಲ್ಲಿ ಕೂರಿಸಬೇಕಿತ್ತು.