ಸ್ಕ್ರೂಡ್ರೈವರ್ ಇಳಿದಷ್ಟು

ಶಾಂತವ್ವ ಜಾಫರನನ್ನು ಮೊದಲು ಕಂಡದ್ದು ೨೦೨೩ರ ಜೂನಿನಲ್ಲಿ. ಅಮೆರಿಕದ ಕ್ಯಾರಿ ಊರಿನಲ್ಲಿ ಅವನು ತನ್ನ ಮನೆಯ ಹಿಂದಿನ ಇಳಿಜಾರಿನಲ್ಲಿ ಮಂಡಿಯೂರಿ, ಹುಲ್ಲಿನ ನಡುವೆ ಸ್ಕ್ರೂಡ್ರೈವರ್ ಚುಚ್ಚುತ್ತಿದ್ದ. ಅದು ಬೆರಳಗಲವೂ ಇಳಿಯುತ್ತಿರಲಿಲ್ಲ.

“ಏನ್ ಕಳಕೊಂಡೀಪಾ?” ಊರಿಂದ ಬಂದು ಪಕ್ಕದ ಮನೆಯ ತನ್ನ ಮಗಳ ಜೊತೆಗಿದ್ದ ಶಾಂತವ್ವ ಬೇಲಿಯಾಚೆಯಿಂದ ಕೇಳಿದಳು.

“ನಿದ್ದೆ, ಅಮ್ಮ.”

ನಗುತ್ತಲೇ ಅಂದ. ಆಮೇಲೆ ಕಥೆ ಹೇಳಿದ. ಹಿಂದಿನ ವರ್ಷ ಬಿಸಿಲಿಗೆ ಹುಲ್ಲು ಸತ್ತು, ಚಂಡಮಾರುತದ ಮಳೆಗೆ ಇಳಿಜಾರಿನ ಕೆಂಪು ಮಣ್ಣು ಕೆಸರಾಗಿ ಕೆಳಗಿನ ಕೋಣೆಗೆ ನುಗ್ಗಿತ್ತು. ಅಲ್ಲಿ ಮಲಗಿದ್ದ ತನ್ನ ಮಗಳು ಇಲ್ಮಾಳನ್ನು ಜಾಫರ್ ಕಿಟಕಿಯಿಂದ ಎಳೆದುಕೊಂಡಿದ್ದ. ಅಂದಿನಿಂದ ಹುಡುಗಿಗೆ ಮಹಡಿಯ ಸೋಫಾವೇ ಹಾಸಿಗೆ. ಸ್ಕ್ರೂಡ್ರೈವರೇ ಇಳಿಯದ ಇಟ್ಟಿಗೆಯಂಥ ನೆಲದಲ್ಲಿ ಬೇರು ಇಳಿಯದಿದ್ದರೆ ಮಣ್ಣನ್ನು ಹಿಡಿಯುವುದು ಯಾವುದು?

ಆ ಹೆದರಿಕೆ ಶಾಂತವ್ವನಿಗೂ ಅಂಟಿತು. ಅವನು ಕೆಲಸಕ್ಕೆ ಹೋದ ಮೇಲೆ, ಊರಲ್ಲಿ ಅಂಗಳಕ್ಕೆ ಹಾಕಿದಂತೆ, ದಿನಾ ಪೈಪು ಹಿಡಿದು ನೀರು ಚಿಮುಕಿಸಿದಳು. ಕತ್ತರಿಸಿ ಬಿದ್ದ ಹುಲ್ಲನ್ನೂ ಒಂದೆಳೆ ಬಿಡದೆ ಗುಡಿಸಿ ಚೀಲಕ್ಕೆ ತುಂಬಿದಳು. ಎರಡು ವಾರ ಹಸಿರೋ ಹಸಿರು. ಜುಲೈನ ಮೂರೇ ದಿನದ ಬಿಸಿಲಿಗೆ ಎಲ್ಲ ಕೆಂಚಗಾಯಿತು.

ಜಾಫರ್ ಒಂದು ಹಿಡಿ ಕಿತ್ತು ನೋಡಿದ. ಬೇರು ಉಗುರಿನಷ್ಟು. “ದಿನಾ ಯಾರು ನೀರು ಹಾಕ್ತಿದ್ರು?”

ಶಾಂತವ್ವ ಬೇಲಿಯ ಹತ್ತಿರ ಬಂದಳು. “ನಾನಽ.”

“ಮೇಲೇ ಸಿಕ್ಕಿದ್ರೆ ಬೇರು ಯಾಕಮ್ಮ ಕೆಳಗೆ ಹೋಗತ್ತೆ? ನಮ್ಮ ಇಲ್ಮಾ ಥರಾನೇ ಅದು, ಕೂತಲ್ಲಿಗೇ ತಟ್ಟೆ ಬರ್ಬೇಕು.”

ಸೆಪ್ಟೆಂಬರಿನಲ್ಲಿ ಇಬ್ಬರೂ ಸೇರಿ ನೆಲಕ್ಕೆ ತೂತು ಹೊಡೆದು, ತೆಳ್ಳಗೆ ಕಾಂಪೋಸ್ಟ್ ಹರಡಿ, ಬೀಜ ಚೆಲ್ಲಿದರು. ಹುಲ್ಲು ಬೇರು ಬಿಟ್ಟ ಮೇಲೆ ನೀರು ವಾರಕ್ಕೊಮ್ಮೆ, ಆಳಕ್ಕೆ. ಕತ್ತರಿಸಿದ ಹುಲ್ಲು ಬಿದ್ದಲ್ಲೇ ಕೊಳೆತು ಗೊಬ್ಬರವಾಯಿತು. ಪ್ರತಿ ಶನಿವಾರ ಶಾಂತವ್ವ ಸ್ಕ್ರೂಡ್ರೈವರ್ ಚುಚ್ಚಿ, ಇಳಿದಷ್ಟಕ್ಕೆ ಅದರ ಕಡ್ಡಿಗೆ ಕೆಂಪು ದಾರ ಕಟ್ಟುವಳು. ಎರಡು ಬೆರಳು, ಮೂರು. ಮರುಬೇಸಿಗೆಗೆ ಹುಲ್ಲು ಬಾಡಿತು, ಸಾಯಲಿಲ್ಲ.

ಆಗಸ್ಟಿನಲ್ಲಿ ಮತ್ತೆ ಚಂಡಮಾರುತ. ಅದೇ ದಿನ ಜಾಫರನಿಗೆ ಹೃದಯದ ಆಪರೇಷನ್. ಹೆಂಡತಿ ಖಾತೂನ್ ಆಸ್ಪತ್ರೆಯಲ್ಲಿದ್ದಳು. ಇಲ್ಮಾಳನ್ನು ನೋಡಿಕೊಳ್ಳಲು ಶಾಂತವ್ವ ಅವರ ಮನೆಗೆ ಬಂದಿದ್ದಳು. ಬೆಳಗಿನಿಂದ ಮಳೆ ಹೊಡೆಯುತ್ತಿತ್ತು. ಅವಳು ಕೊಡೆ ಹಿಡಿದು ಇಳಿಜಾರಿಗೆ ಹೋಗಿ ಸ್ಕ್ರೂಡ್ರೈವರ್ ಚುಚ್ಚಿದಳು. ಫೋನು ಬಡಿದುಕೊಂಡಿತು.

“ಅಮ್ಮ, ಒಳಗೆ ಕರ್ಕೊಂಡು ಹೋಗ್ತಿದಾರೆ. ನೀರು ಕೆಂಪಗೆ ಹರೀತಿದ್ಯಾ?”

“ಇಲ್ಲಪಾ, ತಿಳಿ ಐತಿ. ಸ್ಕ್ರೂಡ್ರೈವರ್ ಹಿಡಿಕಿ ಮಟಾ ಇಳೀತು.”

 ಆಮೇಲೆ ಜಾಫರ್ ಕೇಳಿದ್ದು ಒಂದೇ ಮಾತು, ಆಪರೇಷನ್ನಿಂದ ಮತ್ತೆ ಏಳದ ಅವನು ಅವಳನ್ನು ಕೇಳಿದ ಕೊನೆಯ ಮಾತು:

“ಹಾಗಾದ್ರೆ ಇವತ್ತು ಇಲ್ಮಾನ ಕೆಳಗಿನ ರೂಮಲ್ಲೇ ಮಲಗಿಸ್ತೀರಾ, ಅಮ್ಮ?”