ಹಾರ್ಮೋನಿಯಂ ಪೆಟ್ಟಿಗೆಗೆ ಹಾಕಿದ ಬೆಸುಗೆ

ಬೆಸುಗೆ ಹಾಕುವಾಗ ನಾನು ಉಸಿರು ಬಿಗಿಹಿಡಿಯುತ್ತೇನೆ. ಹೊಗೆಗೆ ಹೆದರಿ ಅಲ್ಲ, ಕೈ ನಡುಗುತ್ತದೆ ಅಂತ. ಬಿಳಿಗೆರೆ ಹತ್ತಿರದ ತಿರುವಿನಲ್ಲಿ ತಂಗಿ ಮಂಗಳಾಳ ಸ್ಕೂಟರ್ ಜಾರಿದ್ದನ್ನು ಹಿಂದಿನ ಬೈಕಿನಿಂದ ಕಂಡಾಗಿನಿಂದ ಹೀಗೆ. ಬಿದ್ದವಳು ಅವಳು, ನಡುಕ ಉಳಿದದ್ದು ನನಗೆ. ಹೇಳಿಕೊಳ್ಳಲೂ ನಾಚಿಕೆ.

ನಂಜನಗೂಡಿನ ನಮ್ಮ ಮನೆಯಲ್ಲಿ ತಿದಿ ಹರಿದ ಒಂದು ಹಾರ್ಮೋನಿಯಂ ಇತ್ತು. ಅದರ ಹೊಟ್ಟೆ ಬಗೆದು, ಎಡಕ್ಕೆ ಒಂದು ಹಿಡಿಕೆ, ಬಲಕ್ಕೆ ಸಾಲಾಗಿ ಬಟನ್‌ಗಳನ್ನು ಕೂರಿಸಿ, ಹೊಡೆದಾಟದ ವಿಡಿಯೊ ಗೇಮ್ ಆಡುವ ಪೆಟ್ಟಿಗೆಯನ್ನು ನಾವಿಬ್ಬರೇ ಮಾಡಿದ್ದೆವು. "ಭಜನೆ ಪೆಟ್ಗೇಲಿ ಗುದ್ದಾಟ ತುಂಬುದ್ರಲ್ರೋ!" ಎಂದಿದ್ದರು ಅಪ್ಪ. ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿ ಅವಳು ಪೆಟ್ಟಿಗೆಯಲ್ಲಿ, ನಾನು ಕೀಬೋರ್ಡಿನಲ್ಲಿ ಆಡುತ್ತಿದ್ದೆವು. ಗೆಲ್ಲುತ್ತಿದ್ದವಳು ಯಾವಾಗಲೂ ಮಂಗಳಾ.

ಈಗ ಅವಳ ಬಲಗೈಯ ಎರಡು ಬೆರಳು ಬಗ್ಗುವುದಿಲ್ಲ. ತಾನಿರುವ ನರಸೀಪುರದಿಂದ ಫೋನ್ ಮಾಡಿ, "ಪೆಟ್ಗೆ ತೆಗ್ದಿಟ್ಟಿರು, ಭಾನ್ವಾರ ಬತ್ತೀನಿ" ಎಂದಳು. ನನಗೆ ಕರುಣೆ ಉಕ್ಕಿತು. ಬಟನ್‌ಗಳನ್ನು ಎಡಗೈಗೆ, ಹಿಡಿಕೆಯನ್ನು ಬಲಗೈಗೆ ಬದಲಿಸಲು ಕೂತೆ. ಅವಳನ್ನು ಒಂದು ಮಾತು ಕೇಳಲಿಲ್ಲ.

ಮೊದಲ ಮೂರು ಬಟನ್ ಕೆಲಸ ಮಾಡಿದವು, ಉಳಿದವು ಸತ್ತಂತಿದ್ದವು. ಒಂದೇ ತಂತಿ ಬಟನ್‌ನಿಂದ ಬಟನ್‌ಗೆ ಹಾಯ್ದು ಹೋಗುತ್ತದೆ. ನಡುವೆ ಒಂದು ಕಡೆ ಬಿಟ್ಟರೆ ಮುಂದಿನವೆಲ್ಲ ಹೋದಂತೆ. ನಾಲ್ಕನೆಯದರ ಬೆಸುಗೆ ಹೊಳೆಯುತ್ತಿತ್ತು, ಎಳೆದರೆ ಕಿತ್ತು ಬಂತು. ನಾನು ಬೆಸುಗೆಯ ಸೀಸವನ್ನು ಮಾತ್ರ ಕಾಯಿಸಿದ್ದೆ, ತಂತಿಯನ್ನು ಕಾಯಿಸಿರಲಿಲ್ಲ. ಹಾಗೆ ಮಾಡಿದರೆ ಸೀಸ ಕೆಸುವಿನೆಲೆಯ ಮೇಲಿನ ಹನಿಯಂತೆ ಕೂತಿರುತ್ತದೆ, ಅಂಟುವುದಿಲ್ಲ. ತಂತಿ ಕಾಯಿಸಿ ಮತ್ತೆ ಹಾಕಿದೆ. ಆರುವ ಮೊದಲೇ ಕೈ ಅಲುಗಿತು, ಒಳಗೇ ಬಿರುಕು. ಬಟನ್‌ಗಳ ತಂತಿಗಳೆಲ್ಲ ಬಂದು ಸೇರುವ ಸರ್ಕ್ಯೂಟ್ ಬೋರ್ಡಿನಲ್ಲಿ ಒಂದು ತಂತಿಯ ತುದಿಯನ್ನಂತೂ ಎಷ್ಟು ಸಲ ಸುಟ್ಟೆನೆಂದರೆ, ಕೊನೆಗೆ ತಾಮ್ರದ ಪದರವೇ ತಂತಿಯೊಂದಿಗೆ ಎದ್ದುಬಂತು. ಆ ಪದರವಿಲ್ಲದೆ ಅಲ್ಲಿ ಬೆಸುಗೆ ನಿಲ್ಲದು. ಅದು ಜಿಗಿಯುವ ಬಟನ್‌ನ ತಂತಿ. ಮಂಗಳಾ ಗೆಲ್ಲುತ್ತಿದ್ದುದೇ ಜಿಗಿದು.

ಭಾನುವಾರ ಬಂದವಳು ಪೆಟ್ಟಿಗೆ ತೆರೆದು ನೋಡಿದಳು.

"ಇದ್ಯಾಕಣ್ಣ ತಿರುವಾಕ್ದೆ?"

"ನಿನ್ ಬಲಗೈಗೆ ಕಷ್ಟ ಆಗ್ಬಾರ್ದು ಅಂತ."

"ಕಷ್ಟ ಆಗ್ಲಿ ಅಂತ್ಲೇ ಬಂದಿದ್ದು ಕಣೋ! ಬೆರಳಿಗೆ ಕೆಲ್ಸ ಕೊಡಿ ಅಂದವ್ರೆ ಡಾಕ್ಟ್ರು. ಅಕ್ಕಿ ಆರ್ಸಿ ಆರ್ಸಿ ಸಾಕಾಗೋಗದೆ. ಕೈ ನಂದು ತಾನೆ, ನನ್ನೇ ಕೇಳ್ಬಾರ್ದಾಗಿತ್ತಾ?"

ಬೆಸುಗೆ ಹಾಕುವ ಐರನ್ ಕಾಯಲು ಇಟ್ಟೆ. ಎಲ್ಲವನ್ನೂ ಬಿಚ್ಚಿ ಮೊದಲಿನಂತೆ ಕೂರಿಸಬೇಕು. ನನ್ನ ಕೈ ನೋಡಿದ ಅವಳು ತಂತಿಯನ್ನು ಕಸಿದುಕೊಂಡು ಆ ಎರಡು ಬೆರಳ ನಡುವೆ ಸಿಕ್ಕಿಸಿದಳು. "ಬಗ್ಗಲ್ಲ, ಅಲ್ಲಾಡಲ್ಲ. ಇಕ್ಕಳ ಯಾಕೆ? ಹಾಕು." ಬೆಸುಗೆ ಆರುವವರೆಗೂ ತಂತಿ ಅಲುಗಲಿಲ್ಲ.

ಜಿಗಿಯುವ ಬಟನ್ ಮಾತ್ರ ಬದುಕಲಿಲ್ಲ. ಆಟದಲ್ಲಿ ನೆಲ ಬಿಟ್ಟೇಳಲಾಗದೆ ಅವಳು ಸೋತಳು. ನಾನು ಮೊದಲ ಸಲ ಗೆದ್ದೆ. ಗೆಲ್ಲುವುದು ಇಷ್ಟು ಕೆಟ್ಟದಾಗಿರುತ್ತದೆಂದು ಗೊತ್ತಿರಲಿಲ್ಲ.

"ಹೊಸ ಬೋರ್ಡ್ ತಂದು ಹಾಕಲಾ?" ಎಂದು ಕೇಳಿದೆ.

"ಅಬ್ಬ, ಕೇಳ್ದಲ್ಲ!" ಎಂದಳು.